ಜಿರಲೆ ಜೆಲ್: ಅಲರ್ಜಿ ಇರುವ ಮನೆಯಲ್ಲಿ ಎಷ್ಟು ಕೆಲಸಕ್ಕೆ ಬರುತ್ತದೆ?

ಜಿರಲೆ ಔಷಧಗಳ ಬಗ್ಗೆ ಜನ ಬರೆಯುವ ಅಭಿಪ್ರಾಯಗಳಲ್ಲಿ ಸಾಮಾನ್ಯವಾಗಿ ಎರಡು ವಿಷಯಗಳಿರುತ್ತವೆ: ಎಷ್ಟು ಜಿರಲೆ ಸತ್ತವು, ಎಷ್ಟು ಬೇಗ ಸತ್ತವು. ಉಬ್ಬಸ ಇರುವ ಮಗುವೋ, ಬೆಳಗಾದರೆ ಸೀನು ನಿಲ್ಲದ ಹಿರಿಯರೋ ಇರುವ ಮನೆಗೆ ಇಷ್ಟು ಸಾಲದು. ಅಂಥ ಮನೆಯಲ್ಲಿ ಔಷಧವೇ ಉಸಿರಿಗೆ ತೊಂದರೆ ಮಾಡುತ್ತದೆಯೇ, ಸತ್ತ ಜಿರಲೆ ಎಲ್ಲಿ ಬಿದ್ದು ಪುಡಿಯಾಗುತ್ತದೆ, ಅದರ ಹಿಕ್ಕೆ ಕಪಾಟಿನ ಸಂದಿಯಲ್ಲಿ ಎಷ್ಟು ಕಾಲ ಉಳಿಯುತ್ತದೆ ಎಂಬುದನ್ನೂ ನೋಡಬೇಕಾಗುತ್ತದೆ. ಸಿರಿಂಜಿನಲ್ಲಿ ಸಿಗುವ ಜಿರಲೆ ಜೆಲ್ಲನ್ನು ನಾನು ಇಲ್ಲಿ ಈ ದೃಷ್ಟಿಯಿಂದಲೇ ಅಳೆದಿದ್ದೇನೆ. ಅದರ ಬದಲಿಗೆ ಮಾರಾಟವಾಗುವ ಸ್ಪ್ರೇ, ಹೊಗೆ ಡಬ್ಬಿ, ಶಬ್ದದ ಯಂತ್ರ, ಏರ್ ಪ್ಯೂರಿಫೈಯರ್‌ಗಳ ಬಗ್ಗೆಯೂ ಹೇಳಬೇಕಾದಷ್ಟು ಹೇಳಿದ್ದೇನೆ. ಅಭಿಪ್ರಾಯವನ್ನು ಮೊದಲೇ ತಿಳಿಸುವುದಾದರೆ, ಜೆಲ್ ಕೊಳ್ಳಬಹುದು, ಸ್ಪ್ರೇ ಬಿಡಬಹುದು. ಆದರೆ ಜೆಲ್ ಹಾಕಿದ ಮೇಲೂ ಒದ್ದೆ ಬಟ್ಟೆ ಹಿಡಿದು ಒರೆಸುವ ದೊಡ್ಡ ಕೆಲಸ ಬಾಕಿ ಇರುತ್ತದೆ ಎಂಬುದನ್ನು ತಿಳಿದೇ ಕೊಳ್ಳಬೇಕು.

ನಮ್ಮದು ಬೆಂಗಳೂರಿನ ಹಳೆಯ ಅಪಾರ್ಟ್‌ಮೆಂಟೊಂದರಲ್ಲಿ ಎರಡು ಕೋಣೆಗಳ ಮನೆ. ಮಗಳಿಗೆ ಚಿಕ್ಕಂದಿನಿಂದ ಉಬ್ಬಸವಿದೆ. ವರ್ಷವಿಡೀ, ಮಳೆ ಬಿಸಿಲು ಎನ್ನದೆ ರಾತ್ರಿ ಕೆಮ್ಮುತ್ತಿದ್ದ ಅವಳಿಗೆ ಅಲರ್ಜಿ ವೈದ್ಯರು ಚರ್ಮದ ಪರೀಕ್ಷೆ ಮಾಡಿಸಿದರು. ಮುಂಗೈಯ ಒಳಭಾಗದಲ್ಲಿ ಪೆನ್ನಿನಿಂದ ಗುರುತು ಹಾಕಿ, ಒಂದೊಂದು ಗುರುತಿನ ಪಕ್ಕ ಒಂದೊಂದು ಹನಿ ದ್ರಾವಣ ಬಿಟ್ಟು, ಹನಿಯ ಮೇಲೆ ಸೂಜಿಯ ಮೊನೆಯನ್ನು ಸ್ವಲ್ಪವೇ ತಾಗಿಸುತ್ತಾರೆ. ಕಾಲು ಗಂಟೆ ಕಳೆಯುವಷ್ಟರಲ್ಲಿ ದೂಳುಹುಳದ (ಹಾಸಿಗೆಯ ದೂಳಿನಲ್ಲಿ ಬದುಕುವ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿ) ಹನಿ ಮತ್ತು ಜಿರಲೆಯ ಹನಿ ಬಿದ್ದ ಜಾಗಗಳು ಸೊಳ್ಳೆ ಕಚ್ಚಿದಂತೆ ಊದಿಕೊಂಡವು; ಪರಾಗದ ಹನಿಗಳ ಜಾಗ ಹಾಗೆಯೇ ಇತ್ತು. ಬರಿಯ ಉಪ್ಪುನೀರಿನ ಹನಿ ಬಿದ್ದ ಜಾಗಕ್ಕಿಂತ ಕನಿಷ್ಠ 3 ಮಿಲಿಮೀಟರ್ ಹೆಚ್ಚು ಊದಿದರೆ ಅದನ್ನು ಅಲರ್ಜಿ ಇದೆ ಎಂದು ಪರಿಗಣಿಸುತ್ತಾರೆ. ಜಿರಲೆ ಔಷಧಕ್ಕೆ ಹಣ ಹಾಕುವ ಮೊದಲು ಈ ಪರೀಕ್ಷೆ ಅಥವಾ ಐಜಿಇ (ಅಲರ್ಜಿಯಲ್ಲಿ ದೇಹ ತಯಾರಿಸುವ ಪ್ರತಿಕಾಯ) ರಕ್ತಪರೀಕ್ಷೆ ಮಾಡಿಸುವುದು ಒಳ್ಳೆಯದು, ಏಕೆಂದರೆ ದೂಳುಹುಳದ ಅಲರ್ಜಿಗೆ ಹಾಸಿಗೆಯ ಕಡೆ ಗಮನ ಕೊಡಬೇಕು, ಜಿರಲೆಯ ಅಲರ್ಜಿಗೆ ಅಡುಗೆಮನೆಯ ಕಡೆ. ಚರ್ಮದ ಪರೀಕ್ಷೆಗೆ ಮುಂಚೆ ಕೆಲವು ದಿನ ಅಲರ್ಜಿ ಮಾತ್ರೆಗಳನ್ನು ನಿಲ್ಲಿಸಬೇಕಾಗುತ್ತದೆ. ಎಷ್ಟು ದಿನ ಎಂಬುದನ್ನು ವೈದ್ಯರೇ ಹೇಳುತ್ತಾರೆ.

ಜಿರಲೆಯಿಂದ ಅಲರ್ಜಿ ಆಗುತ್ತದೆ ಎಂದರೆ ಈಗಲೂ ಕೆಲವರು ನಂಬುವುದಿಲ್ಲ. ಅಸಹ್ಯವನ್ನೇ ಅಲರ್ಜಿ ಎನ್ನುತ್ತಿದ್ದೀರಿ ಎಂದು ನನಗೆ ಹೇಳಿದವರೂ ಇದ್ದಾರೆ. ಅಮೆರಿಕದ ವೈದ್ಯರಾದ ಬರ್ನ್‌ಟನ್ ಮತ್ತು ಹ್ಯಾಲಾ ಬ್ರೌನ್ 1964ರಲ್ಲಿಯೇ ಚರ್ಮದ ಪರೀಕ್ಷೆಯ ಮೂಲಕ ಇದನ್ನು ತೋರಿಸಿದ್ದರು. ಜಿರಲೆಯ ಹಿಕ್ಕೆ, ಜೊಲ್ಲು, ಕಳಚಿದ ಪೊರೆ, ಸತ್ತ ದೇಹದ ಚೂರು ಇವುಗಳಲ್ಲಿರುವ ಪ್ರೋಟೀನುಗಳು ಒಣಗಿ ದೂಳಿನೊಡನೆ ಬೆರೆಯುತ್ತವೆ. ಆ ದೂಳು ಉಸಿರಿನ ಮೂಲಕ ಒಳಗೆ ಹೋದಾಗ ತೊಂದರೆ ಶುರುವಾಗುತ್ತದೆ. ವಿಜ್ಞಾನಿಗಳು ಇವುಗಳಲ್ಲಿ ಹಲವನ್ನು ಗುರುತಿಸಿ ಹೆಸರಿಟ್ಟಿದ್ದಾರೆ: ಅಡುಗೆಮನೆಯ ಸಣ್ಣ ಜಿರಲೆಯದು ಬ್ಲಾ ಜಿ 1, ಬ್ಲಾ ಜಿ 2, ಚರಂಡಿಯ ದೊಡ್ಡ ಜಿರಲೆಯದು ಪೆರ್ ಎ 1 ಇತ್ಯಾದಿ. 1997ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಈ ವಿಷಯವನ್ನು ವೈದ್ಯರ ಮುಂದೆ ಗಟ್ಟಿಯಾಗಿ ಇಟ್ಟಿತು. ಎಂಟು ನಗರ ಪ್ರದೇಶಗಳ, ಆಸ್ತಮಾ ಇರುವ 476 ಮಕ್ಕಳನ್ನು ಪರೀಕ್ಷಿಸಿದಾಗ ಶೇ 36.8ರಷ್ಟು ಮಕ್ಕಳಿಗೆ ಜಿರಲೆ ಅಲರ್ಜಿ ಇರುವುದು ಕಂಡಿತು. ಅರ್ಧದಷ್ಟು ಮಕ್ಕಳ ಮಲಗುವ ಕೋಣೆಯ ದೂಳಿನಲ್ಲಿ ಜಿರಲೆಯ ಅಲರ್ಜಿಕಾರಕ ಹೆಚ್ಚಿನ ಪ್ರಮಾಣದಲ್ಲಿತ್ತು. ಅಲರ್ಜಿಯೂ ಇದ್ದು, ಕೋಣೆಯ ದೂಳಿನಲ್ಲಿ ಈ ಪ್ರಮಾಣವೂ ಇದ್ದ ಮಕ್ಕಳು ಉಳಿದವರಿಗಿಂತ 3.4 ಪಟ್ಟು ಹೆಚ್ಚಾಗಿ ಆಸ್ಪತ್ರೆ ಸೇರಿದ್ದರು. ಗಮನಿಸಬೇಕಾದದ್ದು, ದೂಳು ತೆಗೆದದ್ದು ಮಕ್ಕಳು ಮಲಗುವ ಕೋಣೆಯಿಂದ. ಜಿರಲೆ ಅಡುಗೆಮನೆಯಲ್ಲಿದ್ದರೂ ಅದರ ದೂಳು ನಮ್ಮ ಕಾಲಿಗೆ, ಬಟ್ಟೆಗೆ, ಪೊರಕೆಗೆ ಅಂಟಿಕೊಂಡು ಹಾಸಿಗೆಯವರೆಗೆ ಬರುತ್ತದೆ.

ಈಗ ಜೆಲ್ಲಿನ ಮಾತು. ನಾವು ಕೊಂಡದ್ದು ಇಮಿಡಾಕ್ಲೋಪ್ರಿಡ್ ಶೇ 2.15 ಇರುವ ಜೆಲ್. ಫಿಪ್ರೋನಿಲ್ ಶೇ 0.05 ಇರುವ ಜೆಲ್ ಕೂಡ ಭಾರತದಲ್ಲಿ ಸಿಗುತ್ತದೆ, ಅದನ್ನೂ ಬಳಸಿದ್ದೇವೆ. ಕಂಪನಿಯ ಹೆಸರನ್ನು ನಾನು ಬೇಕೆಂದೇ ಬರೆಯುತ್ತಿಲ್ಲ, ಏಕೆಂದರೆ ಒಂದೇ ಔಷಧ ಬೇರೆ ಬೇರೆ ಹೆಸರಿನಲ್ಲಿ ಬರುತ್ತದೆ. ಕೊಳ್ಳುವವರು ನೋಡಬೇಕಾದದ್ದು ಡಬ್ಬಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿರುವ ರಾಸಾಯನಿಕದ ಹೆಸರನ್ನು, ನೋಂದಣಿ ಸಂಖ್ಯೆಯನ್ನು, ಅವಧಿ ಮುಗಿಯುವ ದಿನಾಂಕವನ್ನು. 1968ರ ಕೀಟನಾಶಕ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದ ಕೀಟನಾಶಕವನ್ನು ನಮ್ಮ ದೇಶದಲ್ಲಿ ಮಾರುವಂತಿಲ್ಲ. ಲೇಬಲ್ಲಿನ ಮೇಲಿರುವ ಬಣ್ಣದ ತ್ರಿಕೋನದಲ್ಲಿ ಕೆಂಪು ಅತಿ ಹೆಚ್ಚಿನ ವಿಷವನ್ನೂ, ನಂತರ ಹಳದಿ, ನೀಲಿ, ಹಸಿರು ಎಂಬ ಕ್ರಮದಲ್ಲಿ ಕಡಿಮೆಯಾಗುವ ವಿಷವನ್ನೂ ಸೂಚಿಸುತ್ತವೆ. ಬಸ್ ನಿಲ್ದಾಣದ ಬದಿಯಲ್ಲಿ ಪೊಟ್ಟಣ ಕಟ್ಟಿ ಮಾರುವ ಲೇಬಲ್ ಇಲ್ಲದ ಪುಡಿ, ಸೀಮೆಸುಣ್ಣಗಳನ್ನು ಮಕ್ಕಳಿರುವ ಮನೆಗೆ ತರಲೇಬಾರದು. ಬೆಲೆಯ ವಿಷಯಕ್ಕೆ ಬಂದರೆ ಒಂದು ಸಿರಿಂಜು ಕೆಲವು ನೂರು ರೂಪಾಯಿಗೆ ಸಿಗುತ್ತದೆ ಮತ್ತು ಎರಡು ಕೋಣೆಯ ಮನೆಯ ಅಡುಗೆಮನೆಗೆ ಒಂದಕ್ಕಿಂತ ಹೆಚ್ಚು ಸಲ ಸಾಕಾಗುತ್ತದೆ.

ಜೆಲ್ಲಿನ ಗುಣವೆಲ್ಲ ಅದು ನಿಧಾನವಾಗಿ ಕೊಲ್ಲುವುದರಲ್ಲಿದೆ. ತಿಂದ ಜಿರಲೆ ಅಲ್ಲೇ ಬೀಳದೆ ತನ್ನ ಗೂಡಿಗೆ ಹಿಂದಿರುಗಿ, ಅಲ್ಲಿ ಹಿಕ್ಕೆ ಹಾಕಿ, ಅಲ್ಲಿಯೇ ಸಾಯುತ್ತದೆ. ಜಿರಲೆಗಳು ಪರಸ್ಪರರ ಹಿಕ್ಕೆಯನ್ನೂ ಹೆಣವನ್ನೂ ತಿನ್ನುತ್ತವೆ. ಆಗ ತಾನೇ ಮೊಟ್ಟೆಯಿಂದ ಹೊರಬಂದ ಮರಿಗಳು ಸಂದಿ ಬಿಟ್ಟು ದೂರ ಹೋಗದೆ ದೊಡ್ಡವುಗಳ ಹಿಕ್ಕೆಯನ್ನೇ ತಿಂದು ಬೆಳೆಯುವುದರಿಂದ, ಜೆಲ್ಲನ್ನು ಎಂದೂ ಮುಟ್ಟದ ಮರಿಗಳಿಗೂ ಔಷಧ ತಲುಪುತ್ತದೆ. ಸ್ಪ್ರೇ ಎಂದಿಗೂ ತಲುಪದ ಜಾಗಗಳಾದ ಫ್ರಿಜ್ಜಿನ ಮೋಟಾರಿನ ಹಿಂದೆ, ಮಿಕ್ಸಿಯ ತಳದೊಳಗೆ, ಕಪಾಟಿನ ಕೀಲಿನ ಪಕ್ಕದ ರಂಧ್ರದಲ್ಲಿ ಸಂಸಾರ ಹೂಡಿದ ಜಿರಲೆಗಳಿಗೆ ಜಿರಲೆಗಳೇ ವಿಷವನ್ನು ಒಯ್ದು ಕೊಡುತ್ತವೆ. ಗಾಳಿಯಲ್ಲಿ ಏನೂ ಹರಡುವುದಿಲ್ಲ, ವಾಸನೆ ಇಲ್ಲ, ಹಾಕುವಾಗ ಮಗುವನ್ನು ನೆಂಟರ ಮನೆಗೆ ಕಳಿಸಬೇಕಾಗಿಲ್ಲ. ಉಬ್ಬಸವಿರುವ ಮನೆಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಇಲ್ಲ.

ಹಾಕುವ ಕ್ರಮದಲ್ಲಿಯೇ ಅರ್ಧ ಫಲವಿದೆ. ಜಿರಲೆಗಳು ಎಲ್ಲಿ ಹೆಚ್ಚು ಓಡಾಡುತ್ತವೆ ಎಂದು ತಿಳಿಯಲು ನಾವು ಮೊದಲು ಅಂಟುಹಲಗೆಗಳನ್ನು ಫ್ರಿಜ್ಜಿನ ಕೆಳಗೆ, ಸಿಂಕಿನ ಕೆಳಗೆ, ಒಲೆಯ ಹಿಂದೆ, ದಿನಸಿ ಕಪಾಟಿನ ಮೂಲೆಯಲ್ಲಿ ಇಟ್ಟೆವು. ಸಿಂಕಿನ ಕೆಳಗೇ ಹೆಚ್ಚು ಎಂದು ನಾವು ಭಾವಿಸಿದ್ದೆವು. ಆದರೆ ತುಂಬಿಹೋದದ್ದು ಫ್ರಿಜ್ಜಿನ ಕೆಳಗಿನ ಹಲಗೆ. ಮೋಟಾರಿನ ಬಿಸಿ, ಅದರ ಹಿಂದಿನ ತಟ್ಟೆಯಲ್ಲಿ ನಿಲ್ಲುವ ನೀರು, ಕತ್ತಲೆ, ಈ ಮೂರೂ ಅಲ್ಲಿದ್ದವು. ಆಮೇಲೆ ಹೆಸರುಕಾಳಿನ ಗಾತ್ರದ ಚುಕ್ಕೆಗಳನ್ನು ಅಲ್ಲಲ್ಲಿ ಹತ್ತಿರ ಹತ್ತಿರ ಇಟ್ಟೆವು. ದೊಡ್ಡ ಮುದ್ದೆಗಳನ್ನು ಕೆಲವೇ ಕಡೆ ಇಡುವುದಕ್ಕಿಂತ ಸಣ್ಣ ಚುಕ್ಕೆಗಳನ್ನು ಹಲವು ಕಡೆ ಇಡುವುದೇ ಸರಿ, ಏಕೆಂದರೆ ಸಣ್ಣ ಜಿರಲೆ ತನ್ನ ಗೂಡಿನಿಂದ ತೀರ ದೂರ ಹೋಗಿ ಆಹಾರ ಹುಡುಕುವುದಿಲ್ಲ. ಕಪಾಟಿನ ಬಾಗಿಲ ಕೀಲುಗಳು, ಡ್ರಾಯರಿನ ಹಳಿಗಳ ತುದಿ, ಸಿಂಕಿನ ಕೊಳವೆ ಗೋಡೆಯೊಳಗೆ ಹೋಗುವ ಜಾಗ, ಗ್ಯಾಸ್ ಒಲೆಯ ಹಿಂದಿನ ಟೈಲ್ಸಿನ ಅಂಚು, ನೀರಿನ ಫಿಲ್ಟರಿನ ಹಿಂಬದಿ ಇವು ಮುಖ್ಯ. ಒಲೆಯ ಬಿಸಿ ತಾಗುವಲ್ಲಿ, ದಿನವೂ ತೊಳೆಯುವಲ್ಲಿ, ತಟ್ಟೆ ಲೋಟ ತಾಗುವಲ್ಲಿ ಹಾಕಬಾರದು. ಜಾಗ ಬದಲಿಸುವಾಗ ಕೆರೆದು ತೆಗೆಯುವ ಕಷ್ಟ ತಪ್ಪಲೆಂದು ನಾನು ಟೇಪಿನ ಚಿಕ್ಕ ತುಂಡುಗಳನ್ನು ಅಂಟಿಸಿ ಅದರ ಮೇಲೆ ಚುಕ್ಕೆ ಇಡುತ್ತೇನೆ.

ಫಲಿತಾಂಶ ಹೇಗಿತ್ತು ಎಂದರೆ, ಮೊದಲ ಕೆಲವು ದಿನ ಹಗಲಲ್ಲೇ ತಡವರಿಸುತ್ತಾ ಓಡಾಡುವ ಜಿರಲೆಗಳು ಕಾಣಿಸಿದವು. ಔಷಧ ನರಗಳ ಮೇಲೆ ಕೆಲಸ ಮಾಡುವುದರಿಂದ ಹೀಗಾಗುತ್ತದೆ, ಗಾಬರಿಯಾಗಬೇಕಾಗಿಲ್ಲ. ನಂತರ ಅಂಟುಹಲಗೆಗಳಿಗೆ ಬೀಳುವ ಜಿರಲೆಗಳ ಸಂಖ್ಯೆ ಸ್ಪಷ್ಟವಾಗಿ ಇಳಿಯಿತು. ಒಂದು ತಿಂಗಳು ಕಳೆದ ಮೇಲೆ ಮರಿಗಳು ಮತ್ತೆ ಕಾಣಿಸಿಕೊಂಡವು, ಮತ್ತು ಇದನ್ನು ಔಷಧದ ಸೋಲು ಎಂದು ತಿಳಿದು ಅನೇಕರು ಕೈಬಿಡುತ್ತಾರೆ. ಸಣ್ಣ ಜಿರಲೆಯ ಹೆಣ್ಣು ಮೂವತ್ತರಿಂದ ನಲವತ್ತು ಮೊಟ್ಟೆಗಳಿರುವ ಚೀಲವನ್ನು ಮರಿಯಾಗುವ ಹೊತ್ತಿನವರೆಗೂ ಹೊಟ್ಟೆಯ ತುದಿಯಲ್ಲಿ ಹೊತ್ತುಕೊಂಡೇ ತಿರುಗುತ್ತದೆ, ಜೆಲ್ಲು ಮೊಟ್ಟೆಗಳನ್ನು ಕೊಲ್ಲುವುದಿಲ್ಲ. ಆದ್ದರಿಂದ ಆ ಹೊತ್ತಿಗೆ ಹೊಸ ಚುಕ್ಕೆಗಳು ಸಿದ್ಧವಾಗಿರಬೇಕು. ಎರಡನೆಯ ಸರದಿಯನ್ನು ತಪ್ಪಿಸದವರಿಗೆ ಮಾತ್ರ ಈ ಔಷಧದ ಪೂರ್ಣ ಫಲ ಸಿಗುತ್ತದೆ.

ನಮ್ಮ ಮನೆಯ ಅನುಭವಕ್ಕಿಂತ ಗಟ್ಟಿಯಾದ ಪುರಾವೆ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಿಂದ ಬಂದಿದೆ. ಆಸ್ತಮಾ ಇದ್ದ 102 ಮಕ್ಕಳ ಮನೆಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿನ ಮನೆಗಳಲ್ಲಿ ಸರಿಯಾದ ಜಾಗಗಳಲ್ಲಿ ಜಿರಲೆ ತಿನಿಸು ಔಷಧ ಇಡುವುದನ್ನು ಬಿಟ್ಟು ಬೇರೇನನ್ನೂ ಮಾಡದೆ ಒಂದು ವರ್ಷ ನೋಡಿದರು. 2017ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಔಷಧ ಇಟ್ಟ ಮನೆಗಳ ಮಕ್ಕಳಿಗೆ ವರ್ಷದಲ್ಲಿ ರೋಗಲಕ್ಷಣ ಕಾಣಿಸಿದ ದಿನಗಳು ಸುಮಾರು 47ರಷ್ಟು ಕಡಿಮೆಯಾಗಿದ್ದವು. ಮಾತ್ರೆ, ಇನ್ಹೇಲರುಗಳನ್ನು ಬದಲಿಸದೆ, ಬರೀ ಜಿರಲೆಯನ್ನು ಇಲ್ಲವಾಗಿಸಿದ್ದರಿಂದ ಇಷ್ಟು ಸಾಧ್ಯವಾಯಿತು ಎಂಬುದು ನನಗೆ ಬಹಳ ಭರವಸೆ ಕೊಟ್ಟ ವಿಷಯ. ನಾರ್ತ್ ಕೆರೊಲಿನಾದಲ್ಲಿ ನಡೆದ ಇನ್ನೊಂದು ಕೆಲಸದಲ್ಲಿ ಕೀಟಶಾಸ್ತ್ರಜ್ಞರು ಅಂಟುಹಲಗೆ ನೋಡಿ ಜೆಲ್ ಇಟ್ಟ ಮನೆಗಳಲ್ಲಿ ಅಲರ್ಜಿಕಾರಕ ಚೆನ್ನಾಗಿ ಇಳಿಯಿತು. ಮಾಮೂಲಿ ಕೀಟನಿಯಂತ್ರಣ ಸೇವೆಯವರು ಮಾಡಿದ ಮನೆಗಳಲ್ಲಿ ಅಷ್ಟು ಫಲ ಕಾಣಲಿಲ್ಲ. ಎಲ್ಲಿ ಇಡಬೇಕು ಎಂದು ಹುಡುಕುವ ತಾಳ್ಮೆ ಇದ್ದರೆ ಮನೆಯವರೇ ಈ ಕೆಲಸವನ್ನು ಚೆನ್ನಾಗಿ ಮಾಡಬಹುದು.

ಜೆಲ್ಲಿನ ದೋಷಗಳೂ ಇವೆ. ಬೇಸಿಗೆಯಲ್ಲಿ ಚುಕ್ಕೆಗಳು ಬೇಗ ಒಣಗಿ ಗಟ್ಟಿಯಾಗುತ್ತವೆ, ಗಟ್ಟಿಯಾದದ್ದನ್ನು ಜಿರಲೆ ಅಷ್ಟಾಗಿ ಮುಟ್ಟುವುದಿಲ್ಲ. ಇರುವೆಗಳು ಮುತ್ತುತ್ತವೆ, ಅದರಲ್ಲೂ ಮಳೆಗಾಲಕ್ಕೆ ಮುಂಚೆ. ಇರುವೆ ಮುತ್ತಿದ ಚುಕ್ಕೆಯ ಬಳಿ ಜಿರಲೆ ಸುಳಿಯುವುದಿಲ್ಲ. ಅಡುಗೆಮನೆಯಲ್ಲಿ ರಾತ್ರಿ ಎಂಜಲು ಪಾತ್ರೆ, ಚೆಲ್ಲಿದ ಅನ್ನದಗುಳು, ತೆರೆದ ಕಸದ ಬುಟ್ಟಿ ಇದ್ದರೆ ಜಿರಲೆ ಜೆಲ್ಲಿನ ಬಳಿ ಏಕೆ ಬರುತ್ತದೆ? ಜೊತೆಗೆ, ಗ್ಲೂಕೋಸ್ ಇರುವ ತಿನಿಸನ್ನು ತಿರಸ್ಕರಿಸುವ ಸಣ್ಣ ಜಿರಲೆಗಳನ್ನು ವಿಜ್ಞಾನಿಗಳು 1990ರ ದಶಕದಲ್ಲಿಯೇ ಗುರುತಿಸಿದ್ದರು. ಅಂಥ ಜಿರಲೆಗಳ ನಾಲಿಗೆಗೆ ಗ್ಲೂಕೋಸು ಕಹಿಯಾಗಿ ಪರಿಣಮಿಸುತ್ತದೆ ಎಂದು 2013ರಲ್ಲಿ ತೋರಿಸಿದರು. ಹಾಗಾಗಿ ಒಂದೇ ಜೆಲ್ಲನ್ನು ವರ್ಷಗಟ್ಟಲೆ ಬಳಸದೆ ನಡುವೆ ರಾಸಾಯನಿಕವನ್ನೂ ತಯಾರಕರನ್ನೂ ಬದಲಿಸುವುದು ಒಳ್ಳೆಯದು. ನಾವು ಇಮಿಡಾಕ್ಲೋಪ್ರಿಡ್‌ನಿಂದ ಫಿಪ್ರೋನಿಲ್‌ಗೆ ಹೋದದ್ದು ಇದಕ್ಕಾಗಿಯೇ. ಎರಡೂ ಹೆಚ್ಚುಕಡಿಮೆ ಒಂದೇ ರೀತಿ ಕೆಲಸ ಮಾಡಿದವು. ಅಂಬೆಗಾಲಿಡುವ ಮಗು, ನಾಯಿ, ಬೆಕ್ಕು ಇರುವ ಮನೆಯಲ್ಲಿ ನೆಲದ ಮಟ್ಟದ ಚುಕ್ಕೆಗಳನ್ನು ಬಿಟ್ಟು, ಕೈಗೆಟುಕದ ಸಂದಿಗಳಲ್ಲಿ ಮಾತ್ರ ಇಡಬೇಕು.

ಇನ್ನು ಸ್ಪ್ರೇ. ಜೆಲ್ಲಿಗೆ ಮುಂಚೆ ನಾವು ಒಂದು ಕೀಟನಿಯಂತ್ರಣ ಸೇವೆಯ ವಾರ್ಷಿಕ ಒಪ್ಪಂದ ಮಾಡಿಕೊಂಡಿದ್ದೆವು. ಮನೆಯಲ್ಲಿ ಆಸ್ತಮಾ ಇರುವ ಮಗು ಇದೆ ಎಂದು ಫೋನಿನಲ್ಲಿ ಸ್ಪಷ್ಟವಾಗಿ ಹೇಳಿದ್ದರೂ ಬಂದವರು ಬೆನ್ನಿನ ಟ್ಯಾಂಕಿನಿಂದ ಅಡುಗೆಮನೆಯ ಕಪಾಟುಗಳೊಳಗೆ, ಮಂಚದ ಕೆಳಗೆ ಸಹ ಸಿಂಪಡಿಸಿ ಹೋದರು. ಯಾವ ಔಷಧ ಎಂದು ಕೇಳಿದರೆ ‘ಹರ್ಬಲ್ ಸರ್’ ಎಂಬ ಉತ್ತರ ಬಂತೇ ಹೊರತು ಡಬ್ಬಿಯನ್ನು ತೋರಿಸಲಿಲ್ಲ. ಆ ರಾತ್ರಿ ಮಗಳು ಇನ್ಹೇಲರ್ ಹಿಡಿದು ಕೂರಬೇಕಾಯಿತು. ಸೇವೆಯವರನ್ನು ಕರೆಸುವವರು ಔಷಧದ ಹೆಸರನ್ನು ಮೊದಲೇ ಬರಹದಲ್ಲಿ ಕೇಳಬೇಕು, ಜೆಲ್ ಮಾತ್ರ ಹಾಕಲು ಒಪ್ಪದವರನ್ನು ಕರೆಸಬಾರದು ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಅಂಗಡಿಯಲ್ಲಿ ಸಿಗುವ ಜಿರಲೆ ಸ್ಪ್ರೇಗಳಲ್ಲಿ ಹೆಚ್ಚಾಗಿ ಇರುವುದು ಇಮಿಪ್ರೋಥ್ರಿನ್, ಸೈಪರ್‌ಮೆಥ್ರಿನ್‌ನಂಥ ಪೈರೆಥ್ರಾಯ್ಡ್ ಗುಂಪಿನ ರಾಸಾಯನಿಕಗಳು. ಕಣ್ಣೆದುರಿನ ಜಿರಲೆಯನ್ನು ಇವು ಬೇಗ ಉರುಳಿಸುತ್ತವೆ, ನಿಜ. ಆದರೆ ಸೂಕ್ಷ್ಮ ಶ್ವಾಸನಾಳಕ್ಕೆ ಆ ತುಂತುರು ಕಿರಿಕಿರಿ ಮಾಡುತ್ತದೆ, ಅಡುಗೆಮನೆಯ ಜಿರಲೆಗಳಲ್ಲಿ ಈ ಗುಂಪಿನ ಔಷಧಕ್ಕೆ ನಿರೋಧ ಜಗತ್ತಿನಾದ್ಯಂತ ಬೆಳೆದಿದೆ, ಮತ್ತು ತಪ್ಪಿಸಿಕೊಂಡವು ಮಲಗುವ ಕೋಣೆಯ ಕಡೆಗೆ ಚದುರುತ್ತವೆ. ಜೆಲ್ ಇಟ್ಟ ಜಾಗದ ಬಳಿ ಸ್ಪ್ರೇ ಹೊಡೆದರೆ ಜಿರಲೆ ಜೆಲ್ಲಿನ ಹತ್ತಿರವೂ ಬರುವುದಿಲ್ಲ. ಎರಡನ್ನೂ ಕೂಡಿಸಿ ಬಳಸುವವರು ಎರಡರ ಹಣವನ್ನೂ ಕಳೆದುಕೊಳ್ಳುತ್ತಾರೆ. ಕೋಣೆ ಮುಚ್ಚಿ ಹಚ್ಚಿಡುವ ಹೊಗೆ ಡಬ್ಬಿಗಳ ಬಗ್ಗೆ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಪರೀಕ್ಷೆ ನಿಚ್ಚಳವಾಗಿದೆ: ಜಿರಲೆ ಕಡಿಮೆಯಾಗಲಿಲ್ಲ, ಮನೆಯ ನೆಲ, ಕಟ್ಟೆಗಳ ಮೇಲೆ ಔಷಧದ ಉಳಿಕೆ ಮಾತ್ರ ಹೆಚ್ಚಾಯಿತು. ಅದೇ ಪರೀಕ್ಷೆಯಲ್ಲಿ ಜೆಲ್ ಇಟ್ಟ ಮನೆಗಳಲ್ಲಿ ಜಿರಲೆ ಗಣನೀಯವಾಗಿ ಇಳಿಯಿತು.

ಪ್ಲಗ್ಗಿಗೆ ಸಿಕ್ಕಿಸುವ ಅಲ್ಟ್ರಾಸಾನಿಕ್ ಯಂತ್ರಕ್ಕೆ ಹಣ ಹಾಕಬೇಡಿ. ಅಮೆರಿಕದ ವ್ಯಾಪಾರ ಆಯೋಗ 2001ರಲ್ಲಿಯೇ ಇವುಗಳ ಅರವತ್ತಕ್ಕೂ ಹೆಚ್ಚು ತಯಾರಕರಿಗೆ, ಮಾರಾಟಗಾರರಿಗೆ ಪುರಾವೆ ಇಲ್ಲದ ಪ್ರಚಾರದ ಬಗ್ಗೆ ಎಚ್ಚರಿಕೆಯ ಪತ್ರ ಬರೆದಿತ್ತು. ಬೋರಿಕ್ ಪುಡಿಗೆ ಗೋಧಿ ಹಿಟ್ಟು, ಸಕ್ಕರೆ, ಹಾಲು ಸೇರಿಸಿ ಉಂಡೆ ಮಾಡಿ ಇಡುವ ನಮ್ಮ ಹಿರಿಯರ ಪದ್ಧತಿ ಇದಕ್ಕಿಂತ ಎಷ್ಟೋ ಮೇಲು. ಬೋರಿಕ್ ಆಮ್ಲ ನಿಜವಾಗಿಯೂ ಜಿರಲೆಯನ್ನು ಕೊಲ್ಲುತ್ತದೆ, ಜಿರಲೆಗಳಿಗೆ ಅದರಿಂದ ಸುಲಭವಾಗಿ ನಿರೋಧವೂ ಬರುವುದಿಲ್ಲ. ಆದರೆ ಅದು ಬಹಳ ನಿಧಾನ, ಮತ್ತು ಸಿಹಿ ಉಂಡೆಯನ್ನು ಮಗು ಬಾಯಿಗೆ ಹಾಕಿಕೊಳ್ಳುವ ಅಪಾಯವಿದೆ. ಏರ್ ಪ್ಯೂರಿಫೈಯರ್ ಬಗ್ಗೆ ನನ್ನನ್ನು ಹಲವರು ಕೇಳಿದ್ದಾರೆ. ಬೆಕ್ಕಿನ ಅಲರ್ಜಿಕಾರಕ ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತದೆ. ಜಿರಲೆಯದು ಹೆಚ್ಚಾಗಿ 10 ಮೈಕ್ರಾನಿಗಿಂತ ದೊಡ್ಡ ಕಣಗಳಲ್ಲಿರುವುದರಿಂದ ಕಸ ಗುಡಿಸಿದಾಗ, ಹಾಸಿಗೆ ಕೊಡವಿದಾಗ ಎದ್ದು, ಕೆಲವೇ ನಿಮಿಷಗಳಲ್ಲಿ ಮತ್ತೆ ನೆಲಕ್ಕೆ ಇಳಿಯುತ್ತದೆ. ನೆಲದ ಮೇಲಿರುವುದನ್ನು ಆ ಯಂತ್ರ ಎಳೆದುಕೊಳ್ಳುವುದಿಲ್ಲ. ಹತ್ತು ಸಾವಿರ ರೂಪಾಯಿ ಕೈಯಲ್ಲಿದ್ದರೆ ಅದನ್ನು ಸೂಕ್ಷ್ಮ ದೂಳನ್ನೂ ಹಿಡಿದಿಡುವ ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್ ಕ್ಲೀನರಿಗೆ ಹಾಕುವುದು ಸರಿ.

ಇಲ್ಲಿಗೆ ಬರುತ್ತದೆ ಜೆಲ್ಲಿನ ಡಬ್ಬಿಯ ಮೇಲೆ ಯಾರೂ ಬರೆಯದ ಮಾತು. ಜಿರಲೆ ಸತ್ತ ಮೇಲೂ ಅದರ ಅಲರ್ಜಿಕಾರಕ ತಿಂಗಳುಗಟ್ಟಲೆ ಮನೆಯಲ್ಲಿ ಉಳಿಯುತ್ತದೆ. ಜಿರಲೆ ಕಾಣುತ್ತಿಲ್ಲ, ಆದರೂ ಕೆಮ್ಮು ನಿಂತಿಲ್ಲ ಎಂದು ಬೇಸರಪಡುವವರು ಕಪಾಟಿನ ತಳವನ್ನು ತೆರೆದು ನೋಡಬೇಕು. ನಮ್ಮ ಅಡುಗೆ ಕಟ್ಟೆಯ ಕೆಳಗಿನ ಕಪಾಟಿಗೆ ನೆಲದ ಹತ್ತಿರ ಒಂದು ಅಡ್ಡಪಟ್ಟಿ ಇದೆ, ಮನೆ ಕಟ್ಟಿದಾಗಿನಿಂದ ಅದನ್ನು ಯಾರೂ ತೆಗೆದಿರಲಿಲ್ಲ. ಬಡಗಿ ಬಂದು ಅದನ್ನು ಬಿಚ್ಚಿದಾಗ ಒಳಗೆ ಟಾರ್ಚಿನ ಬೆಳಕಿನಲ್ಲಿ ಕಂಡದ್ದು ಗೋಡೆಯ ಅಂಚಿನುದ್ದಕ್ಕೂ ಒತ್ತೊತ್ತಾದ ಕಪ್ಪು ಚುಕ್ಕೆಗಳು, ತೆಳುವಾದ ಕಂದು ಪೊರೆಗಳು, ಒಡೆದ ಮೊಟ್ಟೆಚೀಲಗಳು, ಕಾಲು ಮುರಿದ ಹೆಣಗಳು. ಅಷ್ಟೂ ಅಲರ್ಜಿಯ ಮೂಲವೇ. ಇದನ್ನು ಒಣ ಪೊರಕೆಯಿಂದ ಗುಡಿಸಿದರೆ ಇಡೀ ಮನೆಗೆ ಹರಡುತ್ತದೆ. ಮಗಳನ್ನು ಅಜ್ಜಿಯ ಮನೆಗೆ ಕಳಿಸಿ, ಎನ್95 ಮುಖಗವಸು ಮತ್ತು ಕೈಗವಸು ಹಾಕಿಕೊಂಡು, ಮೊದಲು ನೀರು ಚಿಮುಕಿಸಿ ದೂಳು ಏಳದಂತೆ ಮಾಡಿ, ಒದ್ದೆ ಕಾಗದದಿಂದ ಎಲ್ಲವನ್ನೂ ಎತ್ತಿ ಚೀಲ ಕಟ್ಟಿ, ಆಮೇಲೆ ಬಿಸಿನೀರು ಮತ್ತು ಪಾತ್ರೆ ತೊಳೆಯುವ ಸೋಪಿನಿಂದ ಮೂರು ನಾಲ್ಕು ಸಲ ಒರೆಸಿದೆವು. ಕಪಾಟಿನಲ್ಲಿ ಹಾಸಿದ್ದ ಹಳೆಯ ಪತ್ರಿಕೆಗಳನ್ನು, ಕೂಡಿಟ್ಟಿದ್ದ ರಟ್ಟಿನ ಪೆಟ್ಟಿಗೆಗಳನ್ನು ಪೂರ್ತಿ ಎಸೆದೆವು. ಹಾಸಿಗೆಯ ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆದೆವು, ಪರದೆಗಳನ್ನೂ. ಇದರಿಂದ ಅಲರ್ಜಿಕಾರಕ ಪೂರ್ತಿ ಹೋಗುವುದಿಲ್ಲ; ವೃತ್ತಿಪರವಾಗಿ ಶುಚಿಗೊಳಿಸಿದ ಮನೆಗಳಲ್ಲಿಯೂ ಅದು ಬಹಳಷ್ಟು ಇಳಿಯುತ್ತದೆಯೇ ಹೊರತು ಸೊನ್ನೆಯಾಗುವುದಿಲ್ಲ ಎಂದು ಅಧ್ಯಯನಗಳು ತೋರಿಸಿವೆ. ಆದ್ದರಿಂದ ಈ ಒರೆಸುವಿಕೆ ಆಗಾಗ ಮಾಡಬೇಕಾದ ಕೆಲಸ. ಜೆಲ್ ಚುಕ್ಕೆಗಳು ಒದ್ದೆಯಾಗದಂತೆ ಒರೆಸುವುದು ಮಾತ್ರ ಸ್ವಲ್ಪ ಅಭ್ಯಾಸ ಬೇಡುತ್ತದೆ.

ಬಚ್ಚಲಿನಲ್ಲಿ ರಾತ್ರಿ ಕಾಣುವ ಕೆಂಪು ಕಂದು ಬಣ್ಣದ ದೊಡ್ಡ ಜಿರಲೆ ಬೇರೆ ಜಾತಿಯದು. ಅದು ಒಳಚರಂಡಿಯಲ್ಲಿ ಬೆಳೆದು ಕೊಳವೆಯ ಮೂಲಕ ಮೇಲೆ ಬರುತ್ತದೆ, ಹಾಗಾಗಿ ಮನೆಯೊಳಗಿನ ಜೆಲ್ ಅದರ ಮೂಲವನ್ನು ಮುಟ್ಟುವುದಿಲ್ಲ. ನಹನಿ ಟ್ರ್ಯಾಪಿನಲ್ಲಿ ಸದಾ ನೀರು ನಿಂತಿರುವಂತೆ ನೋಡಿಕೊಳ್ಳುವುದು, ಸ್ಟೀಲಿನ ಜಿರಲೆ ಜಾಲಿ ಹಾಕಿಸುವುದು, ಬಳಸದ ಬಚ್ಚಲಿಗೆ ವಾರಕ್ಕೊಮ್ಮೆ ನೀರು ಸುರಿಯುವುದು ಇವು ಜೆಲ್ಲಿಗಿಂತ ಅಗ್ಗ ಮತ್ತು ಹೆಚ್ಚು ಫಲಕಾರಿ. ಈ ದೊಡ್ಡ ಜಿರಲೆಗೆ ಅಮೆರಿಕನ್ ಎಂದೂ, ಅಡುಗೆಮನೆಯ ಸಣ್ಣದಕ್ಕೆ ಜರ್ಮನ್ ಎಂದೂ ಹೆಸರಿದೆಯಾದರೂ, ಸಣ್ಣ ಜಿರಲೆಯ ವಂಶವಾಹಿಗಳನ್ನು ಪರಿಶೀಲಿಸಿ 2024ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅದು ಸುಮಾರು 2,100 ವರ್ಷಗಳ ಹಿಂದೆ ಭಾರತ ಅಥವಾ ಮ್ಯಾನ್ಮಾರ್ ಪ್ರದೇಶದ ಕಾಡು ಜಿರಲೆಯಿಂದ ಬೇರೆಯಾಗಿ ಮನುಷ್ಯನ ಜೊತೆ ಬದುಕಲು ಒಗ್ಗಿಕೊಂಡದ್ದು. ಎರಡು ಸಾವಿರ ವರ್ಷಗಳಿಂದ ನಮ್ಮ ಅಡುಗೆಮನೆಗಳಲ್ಲಿಯೇ ಬದುಕುವುದನ್ನು ಕಲಿತಿರುವ ಜೀವಿ ಒಂದು ಸಿರಿಂಜಿಗೆ ಶಾಶ್ವತವಾಗಿ ಮನೆ ಬಿಟ್ಟು ಹೋಗುವುದಿಲ್ಲ.

ಕರಾವಳಿಯ ಓದುಗರಿಗೆ ಒಂದು ಮಾತು. ಜಿರಲೆ, ದೂಳುಹುಳ, ಸಿಗಡಿ ಈ ಮೂರರಲ್ಲಿಯೂ ಟ್ರೋಪೊಮಯೋಸಿನ್ ಎಂಬ ಹತ್ತಿರದ ಹೋಲಿಕೆಯ ಪ್ರೋಟೀನ್ ಇದೆ. ಒಂದರ ಅಲರ್ಜಿ ಇರುವ ಕೆಲವರಿಗೆ ಇನ್ನೊಂದರ ಪರೀಕ್ಷೆಯೂ ಊದಿಕೊಳ್ಳುವುದುಂಟು. ಹಾಗೆಂದು ಸಿಗಡಿ ತಿಂದು ಏನೂ ಆಗದವರು ಪರೀಕ್ಷೆಯ ಕಾಗದ ನೋಡಿ ಅದನ್ನು ಬಿಡಬೇಕಾಗಿಲ್ಲ. ತಿಂದಾಗ ತುಟಿ ತುರಿಸುವವರು, ಗಂಟಲು ಬಿಗಿಯುವವರು ಮಾತ್ರ ವೈದ್ಯರಿಗೆ ಹೇಳಲೇಬೇಕು.

ಜೆಲ್ ಹಾಕಿದ ಮೇಲೆ ಮಗು ಚೆನ್ನಾಗಿದೆ ಎಂದು ಇನ್ಹೇಲರನ್ನು ತಾವೇ ನಿಲ್ಲಿಸುವ ತಂದೆತಾಯಿಗಳಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ದಿನವೂ ಎಳೆಯುವ ತಡೆ ಔಷಧದ ಪ್ರಮಾಣವನ್ನು ಇಳಿಸುವುದು ವೈದ್ಯರ ಕೆಲಸ. ನಮ್ಮ ಮಗಳ ಪ್ರಮಾಣವನ್ನು ಅವರು ಇಳಿಸಿದ್ದಾರೆ, ನಿಲ್ಲಿಸಿಲ್ಲ. ಅಲರ್ಜಿ ಚುಚ್ಚುಮದ್ದಿನ ಚಿಕಿತ್ಸೆಯ ಬಗ್ಗೆ ಕೇಳಿದಾಗ, ದೂಳುಹುಳಕ್ಕೆ ಇರುವಷ್ಟು ಗಟ್ಟಿ ಆಧಾರ ಜಿರಲೆಗೆ ಇನ್ನೂ ಇಲ್ಲ ಎಂದು ಅವರು ಹೇಳಿದರು.

ಒಂದು ವಿಷಯ ಜೆಲ್ ಕೊಳ್ಳುವ ಅಪಾರ್ಟ್‌ಮೆಂಟ್ ವಾಸಿಗಳಿಗೆ ಮುಖ್ಯ. ನಮ್ಮ ಮನೆಯಲ್ಲಿ ಹಲಗೆಗಳು ಖಾಲಿಯಾಗಿದ್ದಾಗಲೂ ಸಿಂಕಿನ ಕೊಳವೆಯ ಸುತ್ತಲಿನ ರಂಧ್ರದಿಂದ ಮರಿಗಳು ಬರುತ್ತಲೇ ಇದ್ದವು, ಏಕೆಂದರೆ ಆ ಕೊಳವೆ ಹೋಗುವ ಡಕ್ಟು ಮೇಲಿನ ಕೆಳಗಿನ ನಾಲ್ಕೂ ಮನೆಗಳಿಗೆ ಸೇರಿದ್ದು. ಬಿಳಿ ಸಿಮೆಂಟಿನಿಂದ ರಂಧ್ರವನ್ನು ಮುಚ್ಚಿಸಿದ್ದು ನಮ್ಮ ಮನೆಗೆ ಸಹಾಯವಾಯಿತು. ಎಲ್ಲ ಮನೆಗಳಿಗೂ ಒಟ್ಟಿಗೆ ಜೆಲ್ ಹಾಕಿಸೋಣ ಎಂದು ಅಪಾರ್ಟ್‌ಮೆಂಟ್ ಸಂಘದ ಸಭೆಯಲ್ಲಿ ಕೇಳಿದಾಗ ಮೊದಲು ಆಕ್ಷೇಪಗಳಿದ್ದವು. ಕೆಳಗಿನ ಮನೆಯ ಹಿರಿಯರು ತಮಗೂ ವರ್ಷಗಳಿಂದ ಉಬ್ಬಸವಿದೆ ಎಂದು ಹೇಳಿದ ಮೇಲೆ, ಸ್ಪ್ರೇ ಒಪ್ಪಂದವನ್ನು ನಿಲ್ಲಿಸಿ ಆ ಹಣದಲ್ಲಿ ಒಂದೇ ವಾರದೊಳಗೆ ನಾಲ್ಕೂ ಅಡುಗೆಮನೆಗಳಿಗೆ ಜೆಲ್ ಹಾಕಿಸಿ, ಡಕ್ಟಿನ ಬಾಗಿಲಿಗೆ ಜಾಲರಿ ಕೂರಿಸಲು ಎಲ್ಲರೂ ಒಪ್ಪಿದರು. ಈಗ ಮೂರು ತಿಂಗಳಿಗೊಮ್ಮೆ ಎಲ್ಲ ಮನೆಗಳಲ್ಲಿಯೂ ಒಂದೇ ದಿನ ಅಂಟುಹಲಗೆ ಇಟ್ಟು ನೋಡುತ್ತೇವೆ, ಜಿರಲೆ ಬಿದ್ದ ಮನೆಗೆ ಆ ವಾರವೇ ಹೊಸ ಚುಕ್ಕೆಗಳನ್ನು ಹಾಕುತ್ತೇವೆ.